ನನ್ನ ಅತ್ತೆ ಕಲಿತ ಶಾಲೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮನಃಶಾಸ್ತ್ರದ ಸಂಶೋಧಕಿಯೊಬ್ಬರು ಆರು ತಿಂಗಳಿಗೊಮ್ಮೆ ಸವಣೂರಿನ ನಮ್ಮ ಮನೆಗೆ ಬರುತ್ತಿದ್ದರು. ವಯಸ್ಸಾದಂತೆ ನೆನಪು ಹೇಗೆ ಸವೆಯುತ್ತದೆ ಎಂಬುದು ಅವರ ಅಭ್ಯಾಸದ ವಿಷಯ. ಹಾನಗಲ್ಲು, ಹಿರೇಕೆರೂರುಗಳ ಮುದುಕರನ್ನು ಮಾತನಾಡಿಸಿ, ಶಿಗ್ಗಾಂವದಲ್ಲಿ ಬಸ್ಸು ಬದಲಿಸಿ, ನಿರಿಗೆಗಳ ತುಂಬ ಧೂಳು ಹೊತ್ತು ಬಂದಿಳಿಯುವರು.

ಬಾಲ್ಯದ ಬಗ್ಗೆ ಹನ್ನೆರಡು ಪ್ರಶ್ನೆ. ಉತ್ತರಿಸುವವರು ನನ್ನ ಅತ್ತೆ. ಪ್ರತಿ ಉತ್ತರದ ಮುಂದೆ ‘ನಿಜ’ ಅಥವಾ ‘ತಪ್ಪು’ ಎಂದು ಬರೆಯಬೇಕಾದವಳು ನಾನು. ಮನೆಯವರೇ ಬರೆಯಬೇಕೆಂಬುದು ಸಂಶೋಧಕಿಯ ಪದ್ಧತಿ.

ಮೂರನೆಯ ಭೇಟಿಗೆ ಮುಂಚಿನ ಚಳಿಗಾಲದಲ್ಲಿ ಅತ್ತೆ ಎರಡು ಸಲ ಹಾಲಿನ ಪಾತ್ರೆಯನ್ನು ಒಲೆಯ ಮೇಲೆ ಮರೆತಿದ್ದರು. “ಈ ಸರ್ತಿ ತಪ್ಪು ಭಾಳ ಬಂದ್ರ ಅವ್ವನ್ನ ಒಲಿ ಹತ್ರ ಬಿಡೋದು ಬ್ಯಾಡ,” ಎಂದು ಯಜಮಾನರು ಹೇಳಿಬಿಟ್ಟಿದ್ದರು. ಮಡಿಯುಟ್ಟು ದೇವರ ನೈವೇದ್ಯಕ್ಕೆ ಅಡಿಗೆ ಮಾಡುವುದನ್ನು ಬಿಟ್ಟರೆ ಅತ್ತೆಗೆ ಬೇರೆ ಬದುಕೇ ಇರಲಿಲ್ಲ.

ಹಿಂದಿನ ಎರಡು ಭೇಟಿಗಳಲ್ಲಿ ಎಲ್ಲ ಸರಿಯಾಗಿತ್ತು. ತವರು ಹತ್ತಿಮತ್ತೂರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. “ಸಾಲಿ ಕಲಿತಿದ್ರ ನಾನೂ ಇಕಿ ಹಂಗ ಅನ್ನಾ ಸೀಸ್ತಿದ್ದೆ,” ಎಂದು ನನ್ನನ್ನು ಚುಚ್ಚಿ ಸಂಶೋಧಕಿಯನ್ನು ನಗಿಸಿದ್ದರು.

ಮೂರನೆಯ ಸಲ ಪಡಸಾಲೆಯಲ್ಲಿ ಕುಳಿತಿದ್ದೆವು. ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು.

“ಸಾಲಿಗೆ ಹೋಗಿದ್ರೇನ್ರಿ, ಅಜ್ಜಿ?” ಎಂದರು ಸಂಶೋಧಕಿ.

“ಹೂಂ. ಸಿಸ್ಟರಗೋಳ ಸಾಲಿ.” ಬತ್ತಿ ಹೊಸೆಯುವ ಬೆರಳು ನಿಲ್ಲಲಿಲ್ಲ. “ಬೋರ್ಡಿಂಗದಾಗ ಇದ್ದೆ. ಎರಡು ಜಡಿ, ನೀಲಿ ರಿಬ್ಬನ್. ಊಟಕ್ಕ ಮೊದಲ ಕಣ್ಣು ಮುಚ್ಚಿ ಪ್ರಾರ್ಥನಾ ಮಾಡ್ಬೇಕು.”

ನನಗೆ ನಗು ಬಂತು. “ಅತ್ಯಾರ, ಅದು ನಾ ಕಲಿತ ಕಾನ್ವೆಂಟ್ ಸಾಲಿ.”

“ಹೌದ? ನೀವೂ ಅಲ್ಲೇ ಇದ್ರೇನು?”

ಮದುವೆಯಾದಂದಿನಿಂದ ‘ನೀ’ ಎಂದೇ ಕರೆದವರು ನನ್ನನ್ನು ಮೊದಲ ಬಾರಿಗೆ ‘ನೀವು’ ಎಂದರು.

ಮಧ್ಯಾಹ್ನಗಳಲ್ಲಿ ಬತ್ತಿ ಹೊಸೆಯುತ್ತ ಆ ಕಥೆಗಳನ್ನೆಲ್ಲ ನಾನೇ ಹೇಳಿದ್ದೆ. ಅವೇ ಒಂದೊಂದಾಗಿ ಅವರ ಬಾಯಿಂದ ಬಂದವು. ತವರೂರಿನ ಒಂದು ಮಾತೂ ಬರಲಿಲ್ಲ. ಅಲ್ಲಿಯವರೆಗೂ ನನಗಾದದ್ದು ಸಂಕಟ ಮಾತ್ರ.

ಕೊನೆಯ ಪ್ರಶ್ನೆ, ಸಣ್ಣವರಿದ್ದಾಗಿನ ಒಂದು ದುಃಖ.

“ಅಪ್ಪ ಭೆಟ್ಟಿಗೆ ಬರ್ತೇನಿ ಅಂದವರು ಬರಲಿಲ್ಲ,” ಎಂದರು ಅತ್ತೆ. “ಊಟದ ಮನಿಯೊಳಗ ಒಬ್ಬಾಕೀನ ಕೂತು ಬೆಂಚಿನ ಅಂಚು ಕಚ್ಚಿದೆ. ಕಟ್ಟಿಗಿ ಉಪ್ಪುಪ್ಪು ಇತ್ತು.”

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಯಜಮಾನರಿಗೂ ಇಲ್ಲ.

ಸಂಶೋಧಕಿ ದನಿ ತಗ್ಗಿಸಿದರು. “ಯಾವಾಗರೆ ಹೇಳಿರ್ತೀರಿ. ಹೇಳಿದವರು ಮರೀತಾರ, ಕೇಳಿದವರು ಇಟ್ಕೋತಾರ.”

ಇರಬಹುದೆಂದು ಕಣ್ಣು ಮುಚ್ಚಿ ಹುಡುಕಿದೆ. ಹೇಳಿದ ದಿನ ಸಿಗಲಿಲ್ಲ. ಆ ಊಟದ ಮನೆ ಸಿಕ್ಕಿತು. ಬೆಂಚಿನ ಮೇಲೆ ಬಾಗಿದ ಹುಡುಗಿಯೂ ಕಂಡಳು. ಆದರೆ ನಾನು ಬಾಗಿಲ ಹತ್ತಿರ ನಿಂತು ಅವಳನ್ನು ನೋಡುತ್ತಿದ್ದೆ. ಎಷ್ಟು ಪ್ರಯತ್ನಿಸಿದರೂ ಅವಳ ಮುಖ ಈ ಕಡೆ ತಿರುಗಲಿಲ್ಲ.

“ಬರೀರಿ,” ಎಂದು ಸಂಶೋಧಕಿ ಪೆನ್ಸಿಲ್ ಕೊಟ್ಟರು.

ಸುಳ್ಳು ಬರೆದಿದ್ದರೆ ಅತ್ತೆಗೆ ಒಲೆ ಉಳಿಯುತ್ತಿತ್ತು. ಸೆರಗಿಗೆ ಬೆಂಕಿ ಹತ್ತಿದರೆ ಎಂಬ ಯೋಚನೆಯೂ ಬಂತು. ಹನ್ನೊಂದು ಕಡೆ ‘ತಪ್ಪು’ ಎಂದು ಬರೆದೆ. ಹನ್ನೆರಡನೆಯದಕ್ಕೆ ಕೈ ತಡೆಯಿತು. ಅದಕ್ಕೂ ‘ತಪ್ಪು’ ಎಂದೇ ಬರೆದೆ. ಬರೆದ ಮೇಲೆ ಬಾಯಲ್ಲಿ ಉಪ್ಪಿನ ರುಚಿ ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ.

ಸಂಜೆ ಯಜಮಾನರು ಕಾಗದ ನೋಡಿದರು. “ನಾಳಿಯಿಂದ ಅಡಿಗಿ ನೀನ ಮಾಡು. ಅವ್ವಗ ನಾ ಸಾವಕಾಶ ಹೇಳ್ತೇನಿ,” ಎಂದರು. ಅತ್ತೆ ಆಗಲೇ ಮಲಗಿದ್ದರು. ಅವರಿಗೆ ಯಾರೂ ಏನೂ ಹೇಳಲಿಲ್ಲ.

ಬೆಳಿಗ್ಗೆ ನಾನು ಒಲೆ ಹಚ್ಚುವಾಗ ಹಿಂದೆ ಯಾರೋ ನಿಂತಂತಾಯಿತು. ಸ್ನಾನ ಮಾಡಿ ಮಡಿಯುಟ್ಟ ಅತ್ತೆ, ಐವತ್ತು ವರ್ಷ ತಮ್ಮದೇ ಆಗಿದ್ದ ಅಡಿಗೆಮನೆಯ ಹೊಸ್ತಿಲಾಚೆ ಕೈ ಹಿಂದೆ ಕಟ್ಟಿ ನೆಟ್ಟಗೆ ನಿಂತಿದ್ದರು.

“ಒಳಗ ಬರಲೇನ್ರಿ, ಸಿಸ್ಟರ್?”

ಬತ್ತಿಯ ಹಾಗೆ ತೆಳ್ಳಗಿನ ದನಿ. ನಾನು ಒಲೆಗೂ ಅವರಿಗೂ ನಡುವೆ ಸರಿದು ನಿಂತೆ.

“ಬಾ,” ಎಂದೆ. “ಅಲ್ಲೇ ಗ್ವಾಡಿ ಹತ್ರ ಕೂಡು.”

ಅವರು ಕೂತರು.