ಗುರಪ್ಪ ಕಾಕಾ ನೋಡಿದ ಹಲ್ಲು

"ಬಾಯಿ ತಗಿ. ಇನ್ನಷ್ಟ ತಗಿ. ಆಂ ಅನ್ನು."

ಇದು ಹಲ್ಲಿನ ಡಾಕ್ಟರ ಮಾತಲ್ಲ. ವಿಜಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಪುಸ್ತಕದ ಅಂಗಡಿ ಇಟ್ಟಿದ್ದ ಗುರಪ್ಪ ಕಾಕಾನ ಮಾತು. ಅವನ ಅಂಗಡಿಯಲ್ಲಿ ಪಾಟಿ, ನೋಟಬುಕ್ಕು, ಪಂಚಾಂಗಗಳ ಹಿಂದೆ ಒಂದು ನೀಲಿ ಪರದೆ ಇತ್ತು. ಪರದೆಯ ಹಿಂದಿನ ಕಪಾಟಿನ ತುಂಬ ಖೂನಿ ಕಾದಂಬರಿಗಳು. ಅವುಗಳ ಮೂಲೆಯಲ್ಲಿ 'ವಯಸ್ಕರಿಗೆ ಮಾತ್ರ' ಎಂದು ಅಚ್ಚಾಗಿರುತ್ತಿತ್ತು. ಅದನ್ನು ಕೇಳಿದ ಗಿರಾಕಿ ಬಿಸಿಲಿಗೆ ಮುಖ ಮಾಡಿ ನಿಂತು ಬಾಯಿ ತೆರೆಯಬೇಕು. ಕಾಕಾ ಚಾಳೀಸು ಮೂಗಿನ ಮೇಲೇರಿಸಿ ಒಳಗೆ ಹಣಕಿ, ಅಕ್ಕಲದಾಡಿ ಮೂಡಿದೆಯೋ ಇಲ್ಲವೋ ನೋಡುತ್ತಿದ್ದ. ದವಡೆಯ ತುದಿಗೆ ಎಲ್ಲ ಹಲ್ಲಿಗಿಂತ ತಡವಾಗಿ ಬರುವ ಆ ಹಲ್ಲು ಕಂಡರೆ ಪುಸ್ತಕ. ಕಾಣದಿದ್ದರೆ, "ಎರಡ ವರ್ಷ ಬಿಟ್ಟ ಬಾ."

ಅವನ ಅಪ್ಪ ದನದ ದಲಾಲಿ. ಸಣ್ಣವನಿದ್ದಾಗ ಸಂತೆ ಸಂತೆ ತಿರುಗಿ ಹೋರಿಗಳ ಹಲ್ಲು ಎಣಿಸಿ ಬೆಳೆದವನು ಈ ಗುರಪ್ಪ. ಪುಸ್ತಕದ ವ್ಯಾಪಾರಕ್ಕೆ ಬಂದರೂ ಆ ಚಾಳಿ ಬಿಡಲಿಲ್ಲ. "ಮನಷ್ಯಾ ಸುಳ್ಳ ಹೇಳತಾನ್ರಿ. ಮೀಸಿ ಸುಳ್ಳ ಹೇಳತೈತಿ. ಹಲ್ಲ ಹೇಳೂದಿಲ್ಲ," ಅನ್ನುತ್ತಿದ್ದ.

ಹಾಗಂತ ಎಲ್ಲರ ಹಲ್ಲನ್ನೂ ನೋಡುತ್ತಿದ್ದನೇ? ಎಲ್ಲಿಯದು! ಕಂಡಕ್ಟರ್ ಖಾಕಿ ಹಾಕಿಕೊಂಡು ಬಂದರೆ ಖಾಕಿಯೇ ವಯಸ್ಸು. ಕಚೇರಿಯ ಸಾಹೇಬರ ಮಗ, ಇನ್ನೂ ಚಡ್ಡಿ ಬಿಡದವನು, "ಅಪ್ಪಗ ಬೇಕಂತ" ಅಂದರೆ ಸಾಕು, ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ಆದರೆ ತೊರವಿಯ ಒಬ್ಬ ಕನ್ನಡ ಸಾಲಿ ಮಾಸ್ತರು, ಎರಡು ಮಕ್ಕಳ ತಂದೆ, ಪಾಪ ಆ ಮನುಷ್ಯನಿಗೆ ಅಕ್ಕಲದಾಡಿಯೇ ಬಂದಿರಲಿಲ್ಲ. "ನೀವು ಪಾಠಾ ಹೇಳ್ರಿ ಮಾಸ್ತರ, ಇದೆಲ್ಲಾ ಈಗ ಬ್ಯಾಡ," ಎಂದು ಅವರನ್ನು ಹೊರಳಿ ಕಳಿಸಿದ. ಓಣಿಯವರ ಜೊತೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಾನು ತಿಕೋಟೆಯಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದೆ. ಕಾಕಾ ನನ್ನ ಹೆಸರನ್ನು ಒಮ್ಮೆಯೂ ಹಿಡಿದು ಕರೆಯಲಿಲ್ಲ. "ಏ ತಿಕೋಟಿ, ಬಸ್ಸ ತಪ್ಪೇತೇನು? ಕುಂಡ್ರ ಬಾ, ಚುರುಮುರಿ ತಿನ್ನು." ಅವನ ಒಬ್ಬಳೇ ಮಗಳು ಸುವರ್ಣಾ ನನ್ನ ವರ್ಗದವಳು, ನನ್ನ ಜೀವದ ಗೆಳತಿ. ತಾಯಿ ಇಲ್ಲದ ಹುಡುಗಿ. ಅವಳನ್ನು ನಾಲ್ಕೂವರೆ ವರ್ಷಕ್ಕೇ ಸಾಲಿಗೆ ಹಾಕಿದ್ದ. ಆಗ ತಲೆಯ ಮೇಲಿಂದ ಕೈ ಹಾಯಿಸಿ ಆಚೆ ಕಿವಿ ಮುಟ್ಟಿದರೆ ಆರು ವರ್ಷವೆಂದು ಲೆಕ್ಕ. ಸುವರ್ಣಾಳ ಕೈ ಕಿವಿಗೆ ನಿಲುಕಲಿಲ್ಲವಂತೆ. ಕಾಕಾನೇ ಹಿಂದಿನಿಂದ ಅವಳ ಕುತ್ತಿಗೆಯನ್ನು ತುಸು ಬಾಗಿಸಿದ. ಹೆಡ್‌ಮಾಸ್ತರರು ನಕ್ಕು, ಎಲ್ಲರಿಗೂ ಬರೆಯುವ ಹಾಗೆ ಜೂನ್ ಒಂದು ಎಂದು ಬರೆದುಕೊಂಡರು, ಇಸವಿಯನ್ನು ಹಿಂದಕ್ಕೆ ತಳ್ಳಿ. ಈ ಕತೆಯನ್ನು ಕಾಕಾನೇ ನಮಗೆ ನಗುನಗುತ್ತ ಹೇಳಿದ್ದು.

ಅದಕ್ಕೇ ಸಾಲಿಯ ದಾಖಲೆ ಎಂದರೆ ಅವನಿಗೆ ಚೇಷ್ಟೆ. ಒಮ್ಮೆ ಒಬ್ಬ ಹುಡುಗ ಹಲ್ಲು ತೋರಿಸಲು ಒಲ್ಲೆನೆಂದು ಸರ್ಟಿಫಿಕೇಟು ತಂದು ಗಲ್ಲೆಯ ಮೇಲೆ ಹಾಸಿದ. ಕಾಕಾ ಅದನ್ನು ಓಣಿಗೆಲ್ಲ ಕೇಳುವಂತೆ ಓದಿದ.

"ಜೂನ್ ಒಂದು! ಇವನೂ ಜೂನ್ ಒಂದು! ಅಲ್ಲಲೇ, ವಿಜಾಪುರ ಜಿಲ್ಲಾದ ತಾಯಂದಿರೆಲ್ಲಾ ಒಂದ ದಿನ ಹಡದಾರೇನು? ಅವತ್ತ ಸೂಲಗಿತ್ತಿ ಊಟಾ ಮಾಡಿದ್ಲೋ ಇಲ್ಲೋ? ಹೋಗಲೇ, ಈ ಕಾಗದ ಯಾರ ನಂಬತಾರ!"

ನಮ್ಮಿಬ್ಬರ ಕಣ್ಣು ಪರದೆಯ ಹಿಂದಿನ ಒಂದು ಕೆಂಪು ರಟ್ಟಿನ ಪುಸ್ತಕದ ಮೇಲಿತ್ತು. ಕಾಕಾ ಊಟಕ್ಕೆ ಹೋದಾಗ ಸುವರ್ಣಾ ಅಂಗಡಿ ಕಾಯುತ್ತಿದ್ದಳು. ಹಾಗೆ ಕದ್ದು ಅರ್ಧ ಓದಿದ್ದಳು. ಒಂದು ದೊಡ್ಡ ವಾಡೆ, ಅದರಲ್ಲಿ ಏಳು ಮಂದಿ, ಯಜಮಾನನಿಗೆ ಯಾರೋ ವಿಷ ಹಾಕಿದ್ದಾರೆ. ಓದಿದಷ್ಟನ್ನೂ ನನಗೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಳು. ಒಂದು ದಿನ ಸಿಕ್ಕಿಬಿದ್ದಳು. ಕಾಕಾ ಪುಸ್ತಕ ಕಸಿದುಕೊಂಡು ಕಪಾಟಿಗೆ ಕೀಲಿ ಹಾಕಿದ. ನಾನು ಧೈರ್ಯ ಮಾಡಿ, "ಕಾಕಾ, ನಾನರ ತಗೋತೀನ್ರಿ," ಅಂದೆ.

"ಬಾಯಿ ತಗಿ."

ತೆಗೆದೆ.

"ಇಲ್ಲ. ಇಬ್ಬರಿಗೂ ಇಲ್ಲ. ಹಾಲ ಹಲ್ಲಿನ ಮಕ್ಕಳಿಗೆ ಖೂನಿ ಕತಿ ಯಾಕಬೇ? ರಾತ್ರಿ ಬೆಚ್ಚಿ ಬೀಳತೀರಿ." ಹಾಗೆನ್ನುವಾಗ ಅವನ ದನಿಯಲ್ಲಿ ಎಷ್ಟು ಅಂತಃಕರಣ ಇತ್ತೆಂದರೆ ನನಗೆ ಸಿಟ್ಟೂ ಬರಲಿಲ್ಲ.

ಪಿಯುಸಿ ಪರೀಕ್ಷೆ ಮುಗಿದ ವಾರದಲ್ಲಿ ನಿಡೋಣಿಯಿಂದ ಗಂಡಿನವರು ಬಂದರು. ಒಳ್ಳೆಯ ಒಕ್ಕಲು ಮನೆ, ಹೊಲ, ಬಾವಿ, ದನಕರು. ಹುಡುಗನ ಅಜ್ಜಿ ಹಾಸಿಗೆ ಹಿಡಿದಿದ್ದಳು, ಕಣ್ಣು ಮುಚ್ಚುವುದರೊಳಗೆ ಮೊಮ್ಮಗನ ಅಕ್ಷತೆ ನೋಡಬೇಕೆಂಬ ಅವಸರ. ಹುಡುಗಿಗೆ ಹದಿನೆಂಟು ತುಂಬಿರಬೇಕೆಂದು ಆಗಷ್ಟೇ ಕಾಯ್ದೆ ಬಂದಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು ಅದನ್ನು ಎತ್ತಿದರು. ಕಾಕಾ ಎದ್ದು ಹೋಗಿ ಟ್ರಂಕಿನಿಂದ ಸಾಲಿಯ ಸರ್ಟಿಫಿಕೇಟು ತಂದು ತೋರಿಸಿದ.

"ಬರೂ ಜೂನ್ ಒಂದಕ್ಕ ಹದಿನೆಂಟ ತುಂಬತಾವ್ರಿ. ಸರಕಾರದ ಕಾಗದ ಐತಿ. ನಾಕನೇ ತಾರೀಖಿಗಿ ಅಕ್ಷತಾ ಇಟಗೊಳ್ಳೂಣು."

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಸುವರ್ಣಾ ನನ್ನ ರಟ್ಟೆ ಹಿಡಿದಳು. ಅವಳಿಗೆ ಆಗ ನಿಜವಾಗಿ ಹದಿನಾರೂವರೆ. "ನೀ ಹೇಳ ಅಪ್ಪಗ. ನನ್ನ ಮಾತ ಕೇಳಾಂಗಿಲ್ಲ. ನೀ ಹೇಳಿದ್ರ ಕೇಳತಾನ. ಇನ್ನೆರಡ ವರ್ಷ ಬಿಡು ಅನ್ನು," ಅಂದಳು.

ಮರುದಿನ ಅಂಗಡಿಗೆ ಹೋದೆ. ಗಿರಾಕಿ ಹೋಗುವವರೆಗೆ ಕಾದು ನಿಂತು, ಬಸ್ಸಿನಲ್ಲಿ ಬರುವಾಗ ಬಾಯಿಪಾಠ ಮಾಡಿಕೊಂಡಿದ್ದನ್ನು ಹೇಳಿದೆ.

"ಕಾಕಾ, ಆ ಕಾಗದ ಯಾರ ನಂಬತಾರ ಅಂತಿದ್ರಿ. ಈಗ ನೀವ ನಂಬೀರಿ?"

ಅವನು ನೋಟಬುಕ್ಕುಗಳನ್ನು ಜೋಡಿಸುತ್ತಲೇ ಇದ್ದ.

"ಒಂದ ಪುಸ್ತಕ ಕೊಡಾಕ ಹಲ್ಲ ನೋಡತೀರಿ. ಅಕೀ ಹಲ್ಲ ನೋಡ್ರಿ ಕಾಕಾ. ಒಂದ ಸಲ ನೋಡ್ರಿ."

"ಪುಸ್ತಕದ ಮಾತ ಬ್ಯಾರೆ, ತಂಗಿ." ಅವತ್ತು ತಿಕೋಟಿ ಅನ್ನಲಿಲ್ಲ. "ತಾಯಿಲ್ಲದ ಹುಡುಗಿ. ನನಗ ಎದಿನೋವ ಐತಿ, ನಿನಗ ಗೊತ್ತಿಲ್ಲ. ಇಂಥಾ ಮನಿ ಮತ್ತ ಸಿಗಾಂಗಿಲ್ಲ. ನೀ ಇದರಾಗ ಬಾಯಿ ಹಾಕಬ್ಯಾಡ."

ನಾನು ಇನ್ನೂ ಜಗಳ ಮಾಡಬೇಕಿತ್ತು. ಮಾಡಲಿಲ್ಲ. ದೊಡ್ಡವರ ಮುಂದೆ ಅಷ್ಟು ಮಾತಾಡಿದ್ದೇ ಹೆಚ್ಚಾಯಿತೆಂದು ಹೆದರಿ ಬಸ್ಸು ಹತ್ತಿದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಜೂನ್ ನಾಲ್ಕಕ್ಕೆ ಅಕ್ಷತೆ ಬಿತ್ತು. ಅಜ್ಜಿ ಮೊಮ್ಮಗನ ಮದುವೆ ನೋಡಿ, ಸಾಯದೆ, ಎದ್ದು ಕೂತಳು. ದೀಪಾವಳಿಗೆ ತವರಿಗೆ ಬಂದಾಗ ಸುವರ್ಣಾ ಬಸುರಿ. ಅಂಗಡಿಯ ಮುಂದೆಯೇ ಸಿಕ್ಕಳು. ಮುಖ ಬಾಡಿತ್ತು, ಕೈ ಮಾತ್ರ ಬಾತಿದ್ದವು. ನನ್ನ ಕಿವಿಗೆ ಬಾಯಿ ಹಚ್ಚಿದಳು.

"ಆ ಕೆಂಪ ರಟ್ಟಿನ ಪುಸ್ತಕದಾಗ ಯಾರ ವಿಷಾ ಹಾಕಿದ್ರು, ಗೊತ್ತಾತೇನು?"

"ಇಲ್ಲಬೇ. ನಿಮ್ಮಪ್ಪ ಕೊಟ್ರ ಅಲ್ಲಾ!"

"ನನಗ ಸೊಸಿ ಮ್ಯಾಲ ಅನುಮಾನ ಐತಿ. ನೀ ಹ್ಯಾಂಗರ ಮಾಡಿ ಓದು. ನಾ ಹಡಿಯಾಕ ಬಂದಾಗ ಹೇಳು." ಅಂದು ನಕ್ಕಳು. ಮೊದಲಿನ ಹಾಗೆಯೇ ನಕ್ಕಳು.

ಹಡೆಯಲು ಅವಳು ತವರಿಗೆ ಬರಲಾಗಲಿಲ್ಲ. ದಿನ ತುಂಬುವ ಮೊದಲೇ ನಿಡೋಣಿಯಲ್ಲಿ ಹೆರಿಗೆ ಬ್ಯಾನಿ ಶುರುವಾಗಿ, ಎರಡು ದಿನ ಒದ್ದಾಡಿದಳು. ಚಕ್ಕಡಿಯಲ್ಲಿ ಹಾಕಿಕೊಂಡು ಬಬಲೇಶ್ವರದವರೆಗೆ ಬಂದರು, ಅಲ್ಲಿಂದ ಮುಂದೆ ಬರುವ ಕಾರಣ ಉಳಿಯಲಿಲ್ಲ. ಕೂಸೂ ಹೋಯಿತು. ಮೈ ಇನ್ನೂ ಬಲಿತಿರಲಿಲ್ಲ ಎಂದಳಂತೆ ಸೂಲಗಿತ್ತಿ.

ನಾನು ಮೂರು ತಿಂಗಳು ಆ ಓಣಿಗೆ ಕಾಲಿಡಲಿಲ್ಲ. ಕಾಕಾನ ಮೇಲೆ ಅಷ್ಟು ಸಿಟ್ಟಿತ್ತು. ಕೊನೆಗೆ ಒಂದು ಮಧ್ಯಾಹ್ನ ಬಸ್ಸು ತಪ್ಪಿದಾಗ ಕಾಲು ತಾನಾಗಿ ಅತ್ತ ನಡೆಯಿತು. ನೀಲಿ ಪರದೆ ಇರಲಿಲ್ಲ. ಕಪಾಟು ಹಾರು ಹೊಡೆದಿತ್ತು. ಚಡ್ಡಿ ಹಾಕಿದ ಇಬ್ಬರು ಹುಡುಗರು ತಮಗೆ ಬೇಕಾದ್ದನ್ನು ತಾವೇ ಎಳೆದುಕೊಂಡು ಹೊರಟಿದ್ದರು. ಕಾಕಾ ಬಾಯಿ ತಗಿ ಅನ್ನಲಿಲ್ಲ, ಅವರ ಕಡೆ ನೋಡಲೂ ಇಲ್ಲ. ಎರಡು ಬೆರಳಗಲ ಗಡ್ಡ ಬಿಟ್ಟಿದ್ದ.

"ತಿಕೋಟಿ," ಅಂದ. "ಕುಂಡ್ರ."

ಕೂಡಲಿಲ್ಲ. ನಿಂತೇ ಇದ್ದೆ. ಅವನೇ ಮಾತು ತೆಗೆದ.

"ನೀ ಅವತ್ತ ನೋಡ್ರಿ ಅಂದಿ. ನಾ ಅದಕ್ಕೂ ಮೊದಲ ನೋಡಿದ್ನಿ. ಗಂಡಿನವರು ಬರೂ ದಿನ ಮುಂಜಾನಿ, ಪಡಸಾಲ್ಯಾಗ, ಬೆಳಕಿಗೆ ನಿಲ್ಲಿಸಿ ನೋಡಿದ್ನಿ." ತನ್ನ ಗಲ್ಲವನ್ನು ಬೆರಳಿನಿಂದ ಒತ್ತಿ ಹಿಡಿದ. "ಬಂದಿರಲಿಲ್ಲ."

ಅವನಿಗೆ ಸಮಾಧಾನ ಹೇಳಬೇಕೆಂದು ನನಗೆ ಅನ್ನಿಸಲಿಲ್ಲ. ಅವನು ಎದ್ದು ಕೆಂಪು ರಟ್ಟಿನ ಪುಸ್ತಕ ತಂದು ನನ್ನ ಕೈಯಲ್ಲಿಟ್ಟ. ನನ್ನ ಹಲ್ಲು ನೋಡಲಿಲ್ಲ. ನನಗೂ ಅಕ್ಕಲದಾಡಿ ಇನ್ನೂ ಬಂದಿರಲಿಲ್ಲ.

ಅದೇ ನಾನು ಅವನನ್ನು ಕೊನೆಗೆ ಕಂಡದ್ದು. ಮಳೆಗಾಲ ಮುಗಿಯುವುದರೊಳಗೆ ಅವನ ಎದೆಬಡಿತ ನಿಂತಿತು, ಅಂಗಡಿಯಲ್ಲಿ ಯಾರೋ ಸೈಕಲ್ಲಿನ ಸಾಮಾನು ತುಂಬಿದರು.

ಪುಸ್ತಕವನ್ನು ಅವನು ಕೊಟ್ಟ ದಿನವೇ ತಿಕೋಟೆಯ ಬಸ್ಸಿನಲ್ಲಿ ಓದಲು ಹಿಡಿದು, ಮನೆಯ ಕಟ್ಟೆಯ ಮೇಲೆ ಕೂತು ಮುಗಿಸಿದೆ. ಬೆಚ್ಚಿ ಬೀಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ವಿಷ ಹಾಕಿದವಳು ಸೊಸೆಯೇ. ಸುವರ್ಣಾ ಅರ್ಧ ಓದಿಯೇ ಸರಿಯಾಗಿ ಹೇಳಿದ್ದಳು, ಅದನ್ನು ಅವಳಿಗೆ ತಿಳಿಸಲಿಕ್ಕೆ ಆಗಲಿಲ್ಲ.