ಮೊಣಕಾಲಿನ ಮೇಲೆ ಕಲ್ಲು ಏರಬಾರದು

ಆ ಪತ್ರಾದ, ಅಂದರೆ ತಗಡಿನ, ಕೋಳಿಗೂಡು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ಉದಗೀರದ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಕೆಲಸದಿಂದ ನಿವೃತ್ತಳಾಗಿ ನಿಲಂಗಾ ಕಡೆಯ ಗಂಡನ ಊರಿಗೆ ಬಂದಿದ್ದೆ. ತೊಂಬತ್ಮೂರರ ಭೂಕಂಪದಲ್ಲಿ ಬಿದ್ದ ಮನೆ ಅದೇ ಜಾಗದಲ್ಲಿ ಹೊಸದಾಗಿ ಎದ್ದಿತ್ತು. ಐದಕ್ಕೆ ಏಳುವ, ಗಡಿಯಾರ ನೋಡಿ ಉಣ್ಣುವ ರೂಢಿ ನನ್ನದು. ಸುಮ್ಮನೆ ಕೂರಲಾಗದೆ ಆರು ಹೇಂಟೆ, ಒಂದು ಹುಂಜ ತಂದೆ. ಹಳೆಯ ಮನೆಯ ಕರಿಕಲ್ಲುಗಳು ಹಿತ್ತಲಲ್ಲೇ ರಾಶಿ ಬಿದ್ದಿದ್ದವು. ಅವುಗಳಿಂದ ಗೂಡು ಕಟ್ಟಬೇಕೆಂದಿದ್ದೆ.

ಗಂಡನ ಅಣ್ಣ, ನನ್ನ ಭಾವ, ಬಿಡಲಿಲ್ಲ. ಅವರ ಹೆಂಡತಿ ಅದೇ ಕಲ್ಲಿನ ಗೋಡೆಯಡಿ ಸತ್ತಿದ್ದರು. ಅಂದಿನಿಂದ ನಮ್ಮ ಅಂಗಳದಲ್ಲಿ ಮೊಣಕಾಲಿಗಿಂತ ಎತ್ತರಕ್ಕೆ ಕಲ್ಲಿನ ಮೇಲೆ ಕಲ್ಲು ಇಡುವಂತಿರಲಿಲ್ಲ. ಅವರು ಭೂಕಂಪವಾದ ಮೇಲೆ ವಾಸವಿದ್ದ ಹಳೇ ತಾತ್ಕಾಲಿಕ ಶೆಡ್ಡಿನ ಪತ್ರಾಗಳನ್ನು ಬಡಿದು ಗೂಡು ಮಾಡಿದರು.

"ಬ್ಯಾಸಿಗ್ಯಾಗ ಇದು ಹಂಚಿನಂಗ ಕಾಯ್ತದರೀ," ಎಂದೆ.

"ಸಿಸ್ಟರ್ ಬಾಯಾರೇ, ಇದು ನಿಮ್ಮ ದವಾಖಾನಿ ಅಲ್ಲ. ಪತ್ರಾ ಬಿದ್ರ ಯಾರೂ ಸಾಯಂಗಿಲ್ಲ."

ವೈಶಾಖದಲ್ಲಿ ಒಂದು ಹೇಂಟೆ ಎಂಟು ಮೊಟ್ಟೆಯ ಮೇಲೆ ಕಾವಿಗೆ ಕೂತಿತು. ಅದೇ ವಾರ ನಾನು ಕಣ್ಣು ತೋರಿಸಲು ಉದಗೀರಕ್ಕೆ ಹೋಗಬೇಕಾಯಿತು. ಮುಂಗುಸಿಯ ಕಾಟವಿತ್ತು. ಉಳಿದ ಕೋಳಿಗಳನ್ನು ಹೊರಗೆ ಬಿಟ್ಟು, ಕಾವು ಬಿಟ್ಟು ಓಡದ ಅದೊಂದನ್ನು ಒಳಗಿಟ್ಟು, ನಾನೇ ಚಿಲಕ ಹಾಕಿದೆ. ತಾಸಿಗೊಮ್ಮೆ ಗೋಣಿಚೀಲ ತೋಯಿಸಿ ಮೇಲೆ ಹಾಸಿರಿ ಎಂದು ಭಾವನಿಗೆ ಹೇಳಿ ಹೋದೆ. ಮಧ್ಯಾಹ್ನ ಮೂರಕ್ಕೆ ಬಂದು ಬಾಗಿಲು ತೆರೆದರೆ ಬಿಸಿ ಮುಖಕ್ಕೆ ಹೊಡೆಯಿತು. ಹೇಂಟೆ ರೆಕ್ಕೆ ಹರಡಿ, ಕೊಕ್ಕು ಬಿಟ್ಟುಕೊಂಡು ಸತ್ತಿತ್ತು. ಮೊಟ್ಟೆಗಳ ಮೇಲಿಂದ ಕೊನೆಯವರೆಗೂ ಎದ್ದಿರಲಿಲ್ಲ.

"ಚೀಲ ತೋಯಿಸಿ ತೋಯಿಸಿ ಹಾಕೀನಿ. ನನ್ನ ತಪ್ಪೇನದ?" ಎಂದರು ಭಾವ.

ನಿಜ, ಹಾಕಿದ್ದರು. ಅದಕ್ಕೇ ನನ್ನ ಸಿಟ್ಟು ಇನ್ನಷ್ಟು ಏರಿತು. ಚಿಲಕ ಹಾಕಿದ ಕೈ ನನ್ನದಾಗಿತ್ತು.

ಮರುದಿನ ಬೆಳಗ್ಗೆ ಆರಕ್ಕೆ ಹಿತ್ತಲ ಬೇವಿನ ಮರದ ಕೆಳಗೆ ಕಲ್ಲು ಜೋಡಿಸತೊಡಗಿದೆ. ಸಂಜೆಗೆ ಸೊಂಟದ ಮಟ್ಟಕ್ಕೆ ಬಂತು. ಬೆಳಗಾಗುವಷ್ಟರಲ್ಲಿ ಭಾವ ಮೇಲಿನ ಸಾಲುಗಳನ್ನು ಕಿತ್ತು, ಮೊಣಕಾಲಿನ ಮಟ್ಟಕ್ಕೆ ತಂದಿಟ್ಟಿದ್ದರು. ನಾನು ಮತ್ತೆ ಏರಿಸಿದೆ, ಅವರು ಮತ್ತೆ ಇಳಿಸಿದರು. ಮೂರನೆಯ ದಿನ ಗಂಡ, "ಇಬ್ಬರಿಗೂ ಬ್ಯಾರೆ ಧಂದಾ ಇಲ್ಲೇನು?" ಎಂದು ಗೊಣಗಿ ಹೊಲಕ್ಕೆ ಹೋದರು.

"ನಾಳಿ ನೆಲ ನಡುಗಿದ್ರ?" ಭಾವ ಮೇಲಿನ ಸಾಲಿನ ಕಲ್ಲಿನ ಮೇಲೆ ಕೈಯಿಟ್ಟು ಕೇಳಿದರು.

"ನಡುಗಿದ್ರ ಕೋಳಿ ಹಾರಿ ಹೋಗ್ತಾವ. ಒಳಗ ಬೆಂದ್ರ ಎಲ್ಲಿ ಹಾರ್ತಾವ?"

ಅವರು ಕಲ್ಲಿನ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. ಆ ಕೈಯೊಡನೆ ಜಗಳವಾಡಿ ಗೆಲ್ಲಲಾಗದು ಎಂದು ಗೊತ್ತಾಯಿತು. ಸಲಿಕೆ ತಂದು ನೆಲವನ್ನೇ ಅಗೆದೆ. ಮೊಣಕಾಲಿನಷ್ಟು ಆಳದ ಗುಂಡಿ, ತಳಕ್ಕೆ ಮುರುಮಿನ ಗರಸು ಮಣ್ಣು, ಸುತ್ತ ಮೊಣಕಾಲಿನಷ್ಟೇ ಕಲ್ಲು, ಮೇಲೆ ತೊಗರಿ ಕಟ್ಟಿಗೆ ಮತ್ತು ಜೋಳದ ಒಣದಂಟಿನ ಕಣಿಕೆ. ಅಗೆದಷ್ಟು ಹೊತ್ತೂ ಅವರನ್ನು ಬೈದೆ, ನನ್ನನ್ನೂ ಬೈದುಕೊಂಡೆ. ಅವರು ಕೇಳಿಸಿಕೊಳ್ಳುತ್ತ ಬೇವಿನ ಬುಡದಲ್ಲೇ ಕೂತಿದ್ದರು.

ಇನ್ನೊಂದು ಹೇಂಟೆ ಅಲ್ಲಿ ಕಾವಿಗೆ ಕೂತಿತು. ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ ಭಾವ ಬಂದು ನಿಂತರು.

"ಒಳಗ ತಣ್ಣಗದನಾ?"

"ಕೈ ಹಾಕಿ ನೋಡ್ರಿ."

ಅವರು ತುಸು ಹೊತ್ತು ಕಲ್ಲುಗಳನ್ನೇ ನೋಡಿದರು. ಆಮೇಲೆ ಬಗ್ಗಿ, ಎರಡು ಕಲ್ಲುಗಳ ನಡುವೆ ಮೊಣಕೈವರೆಗೆ ಕೈ ತೂರಿಸಿದರು. ಹೇಂಟೆ ಕುಕ್ಕಿತು. ಅವರು ಕೈ ಹಿಂದಕ್ಕೆ ತೆಗೆಯಲಿಲ್ಲ.

"ತಣ್ಣಗದ," ಎಂದರು.

ಒಂದು ಜೀವ, ಎಂಟು ಮೊಟ್ಟೆ ಹೋದ ಮೇಲೆ ಆಡುವ ಮಾತೇ ಅದು?