ಹಿಮ್ಮೇಳ ಬಿಡದ ಹಳೇ ಧಾಟಿ

ಈಗ ನನ್ನನ್ನು ವೇದಿಕೆಯ ಮೇಲೆ ಸಂಗೀತ ಸಂಯೋಜಕಿ ಎಂದು ಪರಿಚಯಿಸುತ್ತಾರೆ. ಅಪ್ಪನಿಗೆ ಆ ಶಬ್ದ ನಾಲಿಗೆಗೆ ಹತ್ತುವುದಿಲ್ಲ. ಯಾರಾದರೂ ಕೇಳಿದರೆ, “ನಮ್ಮಾಕಿ ಪದಕ್ಕ ಧಾಟಿ ಹಚ್ಚತಾಳ್ರಿ” ಎನ್ನುತ್ತಾನೆ. ನನಗೂ ಅದೇ ಹಿತ.

ಬೈಲಹೊಂಗಲದ ನಮ್ಮ ಮನೆಯಲ್ಲಿ ಹಾಡಿಗೆ ಬರವಿರಲಿಲ್ಲ. ಅಪ್ಪನ ಹತ್ತಿ ಅಂಗಡಿಯಲ್ಲಿ ಟೇಪ್ ರೆಕಾರ್ಡರ್ ದಿನವಿಡೀ ಮರಾಠಿ ನಾಟ್ಯಗೀತೆ ಹಾಡುತ್ತಿತ್ತು. ಬೇಸಿಗೆ ರಜೆಗೆ ಉಗರಗೋಳದ ಅತ್ತೆಯ ಮನೆ. ಅವಳ ಕುಂಕುಮ, ಅರಿಶಿನದ ಭಂಡಾರ ಮಾರುವ ಅಂಗಡಿಯ ಮುಂದೆ, ದೇವಿಯ ಗುಡ್ಡದಿಂದ ಇಳಿದವರು ಚೌಡಕಿ ಎಂಬ ತಂತಿವಾದ್ಯ ಹಿಡಿದು ಕೂತು ಹಾಡುತ್ತಿದ್ದರು. ಒಂದೇ ತಂತಿ, ಅದನ್ನೇ ಬಿಗಿದು, ಸಡಿಲಿಸಿ, ಸ್ವರವನ್ನು ಜಾರಿಸುವರು. ನಾನು ಆಟ ಬಿಟ್ಟು ಅವರ ಮುಂದೆ ಕೂತುಬಿಡುತ್ತಿದ್ದೆ. ಇವತ್ತಿಗೂ ಗಡಿಬಿಡಿಯ ತಾನಗಳು ನನಗೆ ಅಷ್ಟಕ್ಕಷ್ಟೆ. ಒಂದು ಸ್ವರ ಇನ್ನೊಂದರ ಮನೆಗೆ ನಿಧಾನ ಹೋಗುವುದನ್ನು ಕೇಳುತ್ತ ಕೂತರೆ ಊಟದ ನೆನಪೂ ಆಗುವುದಿಲ್ಲ.

ಕಾಲೇಜು ಸೇರಿದ ವರ್ಷ, ಸವದತ್ತಿಯಿಂದ ಬಸ್ಸಿನಲ್ಲಿ ಬಂದು ನನಗೆ ಹಾಡು ಕಲಿಸುತ್ತಿದ್ದ ಮಾಸ್ತರರ ಮುಂದೆ ಸ್ವಂತ ಧಾಟಿಯೊಂದನ್ನು ಹಾಡಿ ತೋರಿಸಿದೆ. ನಮ್ಮ ಮಠದ ಭಜನೆಯವರು ಪ್ರತಿ ಸೋಮವಾರ ಹಾಡುತ್ತಿದ್ದ ಪದಕ್ಕೇ ಭೀಮಪಲಾಸಿ ರಾಗದಲ್ಲಿ ಹೊಸ ರೂಪ ಕೊಟ್ಟಿದ್ದೆ. ಮಾಸ್ತರರು ಹೊಗಳಲಿಲ್ಲ, ತೆಗಳಲಿಲ್ಲ.

“ಶ್ರಾವಣದಾಗ ಮಠದಾಗ ಹಾಡು. ಹಿಮ್ಮೇಳ ಕೂಡಿ ಬಂದ್ರ ಪದಕ್ಕ ರಾಗ ಕೂಡಸೂದು ಕಲಸ್ತೇನಿ. ಇಲ್ಲಂದ್ರ ಈ ಹುಚ್ಚು ಬಿಟ್ಟು ರಿಯಾಜ್ ಮಾಡು,” ಎಂದರು.

ನಮ್ಮ ಭಜನೆಯ ಕ್ರಮ ಸರಳ. ಮುಂದಿನವರು ಒಂದು ಸಾಲು ಹೇಳಬೇಕು, ಹಿಮ್ಮೇಳದವರು ಅದನ್ನೇ ತಿರುಗಿ ಹೇಳಬೇಕು. ಅಪ್ಪ ಹಿಮ್ಮೇಳದಲ್ಲಿ ತಾಳ ಹಿಡಿಯುವವನು. ವಾರವೆಲ್ಲ ಹಿಮ್ಮೇಳದವರಿಗೆ ಹೊಸ ಧಾಟಿ ಕಲಿಸಿದೆ. ಶ್ರಾವಣದ ಮೊದಲ ಸೋಮವಾರ ಸಂಜೆ ಹಾರ್ಮೋನಿಯಂ ಪೇಟಿಯ ಮುಂದೆ ಕೂತು ಮೊದಲ ಸಾಲನ್ನು ಮೇಲಿನ ಷಡ್ಜಕ್ಕೆ ಒಯ್ದು ನಿಲ್ಲಿಸಿದೆ. ಹಿಮ್ಮೇಳ ಎದೆ ತುಂಬಿ ಹಾಡಿತು, ಹಳೇ ಧಾಟಿಯಲ್ಲಿ! ಮತ್ತೆ ಹೇಳಿದೆ. ಮತ್ತೆ ಹಳೇದೇ. ಎಲ್ಲರಿಗಿಂತ ದೊಡ್ಡ ಗಂಟಲು ಅಪ್ಪನದು.

ಮನೆಗೆ ಬಂದು ತಾಟು ದೂಡಿ ಕೂತೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಅವತ್ತು ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು; ಮುಂದಿನ ಸೋಮವಾರ ಮಾಸ್ತರರೇ ಕೇಳಲು ಬರುವವರಿದ್ದರು.

“ನಾ ಏನ್ ಮಾಡ್ಲಿ ಯವ್ವಾ, ಬಾಯಿ ತಾನ ಹಳೇದರ ಕಡೆ ಹೊಳ್ಳತೈತಿ,” ಎಂದು ಅಪ್ಪ ಸಣ್ಣ ಮುಖ ಮಾಡಿದ.

ಮರುದಿನ ತಲೆ ಬಾಚಿಕೊಳ್ಳುವಾಗ ಆ ಗದ್ದಲವೇ ಕಿವಿಯಲ್ಲಿ ಸುತ್ತುತ್ತಿತ್ತು. ನನ್ನ ಸಾಲು, ಅವರ ಸಾಲು. ಬಾಚಣಿಕೆ ಅಲ್ಲೇ ನಿಂತಿತು. ಅವರ ಧಾಟಿ ನನ್ನ ಷಡ್ಜಕ್ಕಿಂತ ಕೆಳಗೆ, ಪಂಚಮದಿಂದ ಏಳುತ್ತಿತ್ತು. ನಾನು ಮೇಲೆ ನಿಂತು ಬಾಗಿಲು ಹಾಕಿಕೊಂಡರೆ ಅವರು ಒಳಗೆ ಬರುವುದಾದರೂ ಹೇಗೆ? ಪೇಟಿ ಎಳೆದುಕೊಂಡು, ನನ್ನ ಸಾಲಿನ ಕೊನೆಯನ್ನು ಚೌಡಕಿಯ ತಂತಿಯಂತೆ ಮೆಲ್ಲಗೆ ಜಾರಿಸಿ ಪಂಚಮಕ್ಕೆ ತಂದು ಬಿಟ್ಟೆ. ಯಾರಿಗೂ ಹೇಳಲಿಲ್ಲ. ಅಪ್ಪ ಮಾತ್ರ ವಾರವಿಡೀ ಅಂಗಡಿಯಲ್ಲಿ ಟೇಪ್ ಬಂದ್ ಮಾಡಿ, ತಾನು ತಿಳಿದಂತೆ ನನ್ನ ಧಾಟಿಯನ್ನು ಗುಣುಗುತ್ತಿದ್ದ.

ಮುಂದಿನ ಸೋಮವಾರ ಮಾಸ್ತರರೂ ಮಠಕ್ಕೆ ಬಂದು ಕಂಬಕ್ಕೆ ಒರಗಿ ಕೂತಿದ್ದರು. ನಾನು ಸಾಲು ಬಿಟ್ಟಲ್ಲಿ ಹಿಮ್ಮೇಳ ಎತ್ತಿಕೊಂಡಿತು, ತನ್ನ ಹಳೇ ಧಾಟಿಯಲ್ಲೇ. ಎಲ್ಲಿಯೂ ಬೆಸುಗೆ ಕಾಣಲಿಲ್ಲ. ನನ್ನದು ಕೇಳಿದ ಹಾಗೆ, ಅವರದು ಉತ್ತರ ಕೊಟ್ಟ ಹಾಗೆ. ಮಾಸ್ತರರು ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮಂಗಳಾರತಿ ಮುಗಿದ ಮೇಲೆ, “ಈ ವಾರದಿಂದ ರಾಗ ಕೂಡಸಾಕ ಕುಂದ್ರೂಣು,” ಎಂದಷ್ಟೇ ಹೇಳಿದರು.

ಮನೆಗೆ ನಡೆಯುವಾಗ ಅಪ್ಪ ತಾಳಗಳನ್ನು ಕಿಸೆಗೆ ಹಾಕಿಕೊಂಡು ಎದೆ ಉಬ್ಬಿಸಿದ್ದ.

“ನೋಡಿದಿ? ಅಂತೂ ನಿನ್ನ ಧಾಟಿ ಕಲತವಿ. ಇವತ್ತ ಒಬ್ಬನೂ ತಪ್ಪಲಿಲ್ಲ!”

“ಹೌದಪ್ಪಾ, ಎಷ್ಟ ಚಂದ ಕಲತ್ರಿ,” ಎಂದೆ.